ಬೆಳಗಾವಿಯಿಂದ ಮಯೋರ್ಕಾಕ್ಕೆ: ನಮ್ಮ ಕ್ಲಬ್ಬಿನ ಟೆನಿಸ್ ಪ್ರವಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಬೆಳಗಾವಿಯ ಸಣ್ಣ ಕ್ಲಬ್ಬು. ಎರಡು ಮಣ್ಣಿನ ಕೋರ್ಟು, ಒಂದು ಸಿಮೆಂಟ್ ಕೋರ್ಟು, ಬೆಳಿಗ್ಗೆ ಆರಕ್ಕೆ ತಪ್ಪದೇ ಬರುವ ಇಪ್ಪತ್ತೈದು ಜನ. ಹಿಂದೊಮ್ಮೆ ನಾವು ಎಂಟು ಜನ ಸ್ಪೇನ್ ದೇಶದ ಮಯೋರ್ಕಾ ದ್ವೀಪಕ್ಕೆ ಹೋಗಿ ಒಂದು ವಾರ ಟೆನಿಸ್ ಆಡಿ ಬಂದೆವು. ಬರುವ ಮೇ ತಿಂಗಳಲ್ಲಿ ಮತ್ತೊಮ್ಮೆ ಹೋಗುವ ಮಾತು ಶುರುವಾದಾಗಿನಿಂದ ಸದಸ್ಯರು ಕೇಳುತ್ತಿರುವ ಪ್ರಶ್ನೆಗಳಿಗೆ, ಕಳೆದ ಸಲದ ಅನುಭವವನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ಉತ್ತರಿಸಲಾಗಿದೆ.

ಟೆನಿಸ್ ಆಡುವುದಕ್ಕಾಗಿ ಅಷ್ಟು ದೂರ ಏಕೆ ಹೋಗಬೇಕು?

ಸಿಮೆಂಟ್ ಕೋರ್ಟಿನಲ್ಲಿ ಆಡುವುದಾಗಿದ್ದರೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಇಟ್ಟಿಗೆ ಪುಡಿಯ ಕೆಂಪು ಕೋರ್ಟಿನ ಮೇಲೆ, ಅದನ್ನು ದಿನನಿತ್ಯ ಬಳಸುವ ಜನರ ನಡುವೆ, ವಾರವಿಡೀ ಆಡಿ ಕಲಿಯಬೇಕೆಂಬುದು ನಮ್ಮ ಆಸೆ. ಮಯೋರ್ಕಾ ದ್ವೀಪದ ಮನಾಕೋರ್ ಎಂಬ ಊರು ರಫೇಲ್ ನಡಾಲ್ ಅವರ ಹುಟ್ಟೂರು. ಇಂಥದೇ ಕೆಂಪು ಕೋರ್ಟಿನಲ್ಲಿ ನಡೆಯುವ ಫ್ರೆಂಚ್ ಓಪನ್ ಪ್ರಶಸ್ತಿಯನ್ನು 14 ಬಾರಿ ಗೆದ್ದ ಅವರು 2016ರಲ್ಲಿ ಅದೇ ಊರಿನಲ್ಲಿ ತಮ್ಮ ಅಕಾಡೆಮಿಯನ್ನು ತೆರೆದರು. ಅಲ್ಲಿ ಮಕ್ಕಳಿಗಷ್ಟೇ ಅಲ್ಲದೆ ವಯಸ್ಕರಿಗೂ ತರಬೇತಿ ಸಿಗುತ್ತದೆ. ಅದಲ್ಲದೆ ದ್ವೀಪದ ಅನೇಕ ಹೋಟೆಲುಗಳಿಗೆ ಸ್ವಂತ ಕೆಂಪು ಕೋರ್ಟುಗಳಿದ್ದು, ನಮ್ಮಂಥ ಕ್ಲಬ್ ಆಟಗಾರರ ಗುಂಪುಗಳು ಯುರೋಪಿನ ನಾನಾ ಕಡೆಗಳಿಂದ ಅಲ್ಲಿಗೆ ಬರುತ್ತವೆ. ಕೋಣೆಯಿಂದ ಕೋರ್ಟಿಗೆ ನಡೆದೇ ಹೋಗುವಂತಿದ್ದುದು ಕಳೆದ ಸಲ ನಮಗೆ ದೊರೆತ ದೊಡ್ಡ ಅನುಕೂಲವಾಗಿತ್ತು.

ಮೇ ತಿಂಗಳೇ ಏಕೆ? ಸೆಪ್ಟೆಂಬರ್ ಕೊನೆಯಲ್ಲಿ ಹೋದರೆ ಆಗದೇ?

ಅಲ್ಲಿನ ಹವೆಯನ್ನು ಮಾತ್ರ ನೋಡಿದರೆ ಎರಡೂ ಸಮಯ ಒಳ್ಳೆಯವೇ. ಜುಲೈ, ಆಗಸ್ಟ್ ತಿಂಗಳಲ್ಲಿ ಬಿಸಿಲೂ ಹೆಚ್ಚು, ಜನಸಂದಣಿಯೂ ಹೆಚ್ಚು. ಆ ಎರಡು ತಿಂಗಳನ್ನು ಬಿಟ್ಟುಬಿಡಬೇಕು. ಆದರೆ ನಮ್ಮ ಊರಿನ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಣ್ಣಿನ ಕೋರ್ಟಿನಲ್ಲಿ ಕಾಲಿಡಲೂ ಆಗುವುದಿಲ್ಲ. ನಾಲ್ಕು ತಿಂಗಳು ಆಟ ನಿಂತ ಕಾಲುಗಳನ್ನು ಕಟ್ಟಿಕೊಂಡು ಅಲ್ಲಿಗೆ ಹೋದರೆ ಮೂರನೇ ದಿನಕ್ಕೇ ಮೀನಖಂಡ ಹಿಡಿದುಕೊಳ್ಳುತ್ತದೆ. ಮೇ ತಿಂಗಳಾದರೆ ಅಕ್ಟೋಬರ್‌ನಿಂದ ಎಡೆಬಿಡದೆ ಆಡಿದ ಶರೀರ ನಮ್ಮ ಜೊತೆಗಿರುತ್ತದೆ. ಅಲ್ಲದೆ ಆ ತಿಂಗಳಲ್ಲಿ ಅಲ್ಲಿ ಸಂಜೆ ಎಂಟೂವರೆಯವರೆಗೂ ಬೆಳಕಿರುವುದರಿಂದ ಎರಡು ಹೊತ್ತು ಆಡಲು ಅವಸರವಿರುವುದಿಲ್ಲ.

ಎಷ್ಟು ಜನ ಹೋಗುವುದು ಸರಿ?

ಎಂಟು. ಇದರಲ್ಲಿ ರಾಜಿ ಮಾಡಿಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಎಂಟು ಜನರಾದರೆ ಎರಡು ಕೋರ್ಟುಗಳಲ್ಲಿ ಎರಡು ಡಬಲ್ಸ್, ಯಾರೂ ಬೆಂಚಿನ ಮೇಲೆ ಕೂರಬೇಕಾಗಿಲ್ಲ. ಹತ್ತು ಜನರಾದರೆ ಇಬ್ಬರು ಕಾಯಬೇಕು, ಮತ್ತು ಆ ಇಬ್ಬರು ಯಾರು ಎಂಬುದೇ ದಿನಾಲೂ ಒಂದು ಚರ್ಚೆಯಾಗುತ್ತದೆ. ಎಂಟರ ಲೆಕ್ಕದಲ್ಲಿ ಇನ್ನೊಂದು ಸೊಗಸಿದೆ. ಜೋಡಿಗಳನ್ನು ಸರಿಯಾಗಿ ಜೋಡಿಸಿದರೆ ಏಳು ಸುತ್ತುಗಳಲ್ಲಿ ಪ್ರತಿಯೊಬ್ಬರೂ ಉಳಿದ ಏಳು ಜನರಿಗೆ ಒಂದೊಂದು ಸಲ ಜೊತೆಗಾರರಾಗುತ್ತಾರೆ, ಎರಡೆರಡು ಸಲ ಎದುರಾಳಿಗಳಾಗುತ್ತಾರೆ. ಏಳು ದಿನ, ದಿನಕ್ಕೊಂದು ಸುತ್ತು. ಕಳೆದ ಸಲ ಈ ಪಟ್ಟಿಯನ್ನು ಹೊರಡುವ ಮೊದಲೇ ಬರೆದು ಎಲ್ಲರಿಗೂ ಕೊಟ್ಟಿದ್ದರಿಂದ, ಗಟ್ಟಿ ಆಟಗಾರರು ತಮ್ಮ ತಮ್ಮಲ್ಲೇ ಜೋಡಿ ಕಟ್ಟಿಕೊಂಡು ಉಳಿದವರನ್ನು ಬದಿಗೆ ಸರಿಸುವ ಪ್ರಸಂಗ ಒಮ್ಮೆಯೂ ಬರಲಿಲ್ಲ.

ನನ್ನ ಆಟ ಅಷ್ಟೇನೂ ಚೆನ್ನಾಗಿಲ್ಲ. ನಾನು ಬರಬಹುದೇ?

ಬರಬಹುದು. ನಾಕಿಂಗ್, ಅಂದರೆ ಆಟಕ್ಕೆ ಮುಂಚಿನ ಹೊಡೆತದ ಅಭ್ಯಾಸ, ಮಾಡುವಾಗ ಹತ್ತು ಚೆಂಡುಗಳನ್ನು ಸತತವಾಗಿ ಬಲೆ ದಾಟಿಸಬಲ್ಲವರು, ಸರ್ವ್ ಮಾಡಿ ಪಾಯಿಂಟ್ ಆರಂಭಿಸಬಲ್ಲವರು, ಎರಡು ಗಂಟೆ ಕೋರ್ಟಿನಲ್ಲಿ ನಿಲ್ಲಬಲ್ಲವರು ಯಾರಾದರೂ ಸರಿಯೇ. ಬೆಳಗಿನ ತರಬೇತಿಯಲ್ಲಿ ಕೋಚ್‌ಗಳು ಮಟ್ಟಕ್ಕೆ ತಕ್ಕಂತೆ ನಾಲ್ಕು ನಾಲ್ಕು ಜನರ ಎರಡು ಗುಂಪು ಮಾಡುತ್ತಾರೆ. ಅದಕ್ಕಾಗಿ ಅವರು ಮೊದಲೇ ಪ್ರತಿಯೊಬ್ಬರ ಮಟ್ಟವನ್ನು ಕೇಳುತ್ತಾರೆ. ಆಗ ಇದ್ದುದನ್ನು ಇದ್ದ ಹಾಗೆ ಬರೆಯಿರಿ. ಒಂದು ಮೆಟ್ಟಿಲು ಏರಿಸಿ ಬರೆದವರು ಮೊದಲ ದಿನವೇ ಗುಂಪು ಬದಲಿಸಬೇಕಾಗುತ್ತದೆ, ಅದರಿಂದ ಇನ್ನೊಬ್ಬರೂ ಬದಲಾಗಬೇಕಾಗುತ್ತದೆ.

ನಮ್ಮದೂ ಮಣ್ಣಿನ ಕೋರ್ಟೇ ಅಲ್ಲವೇ? ಅಲ್ಲಿನದರಲ್ಲಿ ಏನು ವ್ಯತ್ಯಾಸ?

ಬಣ್ಣ ಮಾತ್ರ ಒಂದೇ ತೆರನಾಗಿ ಕಾಣುತ್ತದೆ. ನಮ್ಮ ಕೋರ್ಟು ಊರಿನ ಕೆಂಪು ಮಣ್ಣನ್ನು ನೀರು ಹಾಕಿ, ರೋಲರ್ ಉರುಳಿಸಿ ಗಟ್ಟಿ ಮಾಡಿದ್ದು. ಒಣಗಿದ ಮೇಲೆ ಅದು ನೆಲದಂತೆಯೇ ಬಿರುಸಾಗಿರುತ್ತದೆ, ಚೆಂಡು ವೇಗವಾಗಿ ಕೆಳಗಿನಿಂದಲೇ ನುಗ್ಗಿ ಬರುತ್ತದೆ. ಅಲ್ಲಿನದು ಪದರು ಪದರಾಗಿ ಕಟ್ಟಿದ್ದು. ತಳದಲ್ಲಿ ಜಲ್ಲಿ, ಅದರ ಮೇಲೆ ಸುಣ್ಣಕಲ್ಲಿನ ಪುಡಿ, ಎಲ್ಲಕ್ಕೂ ಮೇಲೆ ಒಂದೆರಡು ಮಿಲಿಮೀಟರ್ ದಪ್ಪದ ಇಟ್ಟಿಗೆ ಪುಡಿ. ಆ ತೆಳ್ಳನೆಯ ಪುಡಿಯೇ ಇಡೀ ಆಟವನ್ನು ಬದಲಿಸುತ್ತದೆ. ಚೆಂಡು ನೆಲಕ್ಕೆ ತಾಗಿದಾಗ ಪುಡಿಯನ್ನು ಕೆದರಿ ವೇಗ ಕಳೆದುಕೊಂಡು ಮೇಲಕ್ಕೇಳುತ್ತದೆ; ಚೆಂಡು ಮುಂದಕ್ಕೆ ತಿರುಗುತ್ತಾ ಹೋಗುವ ಟಾಪ್ ಸ್ಪಿನ್ ಇದ್ದರೆ ಹೆಗಲಿನ ಎತ್ತರಕ್ಕೆ ಬರುತ್ತದೆ. ಇಲ್ಲಿ ವಿನ್ನರ್ ಆಗುವ ಹೊಡೆತ ಅಲ್ಲಿ ಮರಳಿ ಬರುತ್ತದೆ, ಆಮೇಲೆ ಇನ್ನೊಂದು, ಇನ್ನೊಂದು. ಮೊದಲ ದಿನ ನಮ್ಮಲ್ಲಿ ಎಲ್ಲರಿಗೂ ಅನುಭವಕ್ಕೆ ಬಂದದ್ದು ಒಂದೇ: ಪಾಯಿಂಟ್ ಮುಗಿಯುವುದೇ ಇಲ್ಲ.

ಎರಡನೆಯದು ಕಾಲು. ಅಲ್ಲಿ ಓಡಿ ಹೋಗಿ ನಿಂತು ಹೊಡೆಯುವುದಿಲ್ಲ, ಜಾರುತ್ತಾ ಹೋಗಿ ಹೊಡೆಯುತ್ತಾರೆ. ಚೆಂಡನ್ನು ಹೊಡೆದ ಮೇಲೆ ಜಾರುವುದು ತಪ್ಪು, ಹೊಡೆಯುವ ಹೊತ್ತಿಗೆ ಜಾರಿ ಮುಗಿಯುತ್ತಾ ಬಂದಿರಬೇಕು. ನಮ್ಮ ಕೋಚ್ ಮೊದಲ ಅರ್ಧ ಗಂಟೆ ರಾಕೆಟ್ಟನ್ನೇ ಮುಟ್ಟಲು ಬಿಡಲಿಲ್ಲ. ಕೋರ್ಟಿನ ಹಿಂತುದಿಯ ಗೆರೆಯಾದ ಬೇಸ್‌ಲೈನಿನ ಹಿಂದೆ ನಾಲ್ಕೂ ಜನರನ್ನು ಸಾಲಾಗಿ ನಿಲ್ಲಿಸಿ, ಮೂರು ಹೆಜ್ಜೆ ಓಡಿಸಿ, ಮುಂದಿನ ಕಾಲನ್ನು ಚಪ್ಪಟೆಯಾಗಿ ಇಟ್ಟು ಒಂದು ಮಾರು ಜಾರಿ ನಿಲ್ಲಲು ಹೇಳಿದರು. ಹಿಂದೆ ತಿರುಗಿ ನೋಡಿದರೆ ನೆಲದ ಮೇಲೆ ನಾಲ್ಕು ಗೆರೆಗಳಿದ್ದವು. ಮೂರು ಮೊಟಕಾಗಿ, ನಡುನಡುವೆ ಕಡಿದು ಹೋಗಿದ್ದವು. ನಾಲ್ಕನೆಯದು, ನಮ್ಮಲ್ಲೇ ಹಿರಿಯರಾದ ಒಬ್ಬ ಸದಸ್ಯರದ್ದು, ನೇಗಿಲ ಸಾಲಿನಂತೆ ನೆಟ್ಟಗೆ ಒಂದೇ ಸಮನಾಗಿತ್ತು.

ಮೂರನೆಯದು ಗೆರೆಗಳು. ನಮ್ಮಲ್ಲಿ ಸುಣ್ಣದಲ್ಲಿ ಎಳೆಯುತ್ತೇವೆ. ಅಲ್ಲಿ ಬಿಳಿ ಪ್ಲಾಸ್ಟಿಕ್ ಪಟ್ಟಿಗಳನ್ನು ಮೊಳೆ ಹೊಡೆದು ಕೂಡಿಸಿರುತ್ತಾರೆ. ಪಟ್ಟಿಯ ಮೇಲೆ ಬಿದ್ದ ಚೆಂಡು ಏಳದೆ ಜಾರಿಬಿಡುತ್ತದೆ. ಆಟ ಮುಗಿದ ಮೇಲೆ ಬಲೆ ಕಟ್ಟಿದ ಚೌಕಟ್ಟನ್ನು ಎಳೆದು ಕೋರ್ಟನ್ನು ಸಮ ಮಾಡುವುದು, ಗೆರೆಗಳನ್ನು ಗುಡಿಸುವುದು, ಬೇಕಾದರೆ ನೀರು ಹೊಡೆಯುವುದು ಆಡಿದವರ ಕೆಲಸ. ನಮ್ಮಲ್ಲಿ ಇದನ್ನೆಲ್ಲ ಮಾರ್ಕರ್, ಅಂದರೆ ಕೋರ್ಟು ನೋಡಿಕೊಳ್ಳುವ ನೌಕರರು, ಮಾಡುತ್ತಾರೆ, ನಾವು ಬ್ಯಾಗ್ ಎತ್ತಿಕೊಂಡು ಚಹಾಕ್ಕೆ ಹೋಗುತ್ತೇವೆ. ಅಲ್ಲಿ ಹಾಗೆ ಹೊರಟುಹೋದರೆ ಮುಂದಿನ ಗುಂಪಿಗೆ ಅಗೌರವ ತೋರಿದಂತಾಗುತ್ತದೆ, ಆದ್ದರಿಂದ ಕೊನೆಯ ಹತ್ತು ನಿಮಿಷ ಇದಕ್ಕೆಂದೇ ಮೀಸಲಿಡಿ.

ಚೆಂಡು ಔಟೋ ಇನ್ನೋ ಎಂಬ ಜಗಳ ಅಲ್ಲಿ ಹೇಗೆ ತೀರುತ್ತದೆ?

ಚೆಂಡು ನೆಲದಲ್ಲಿ ಗುರುತು ಬಿಡುವುದರಿಂದ ಬೇಗ ತೀರುತ್ತದೆ. ಅಂಪೈರ್ ಇಲ್ಲದ ಆಟಕ್ಕೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಮಾಡಿರುವ ನಿಯಮವನ್ನೇ ನಾವೂ ಪಾಲಿಸುತ್ತೇವೆ: ಔಟ್ ಎಂದವರು ಗುರುತನ್ನು ತೋರಿಸಬೇಕು, ಎದುರಾಳಿ ಕೇಳಿದ ಮೇಲೆ ಬಲೆ ದಾಟಿ ಬಂದು ನೋಡಬಹುದು, ತೋರಿಸುವ ಮೊದಲೇ ಗುರುತನ್ನು ಕಾಲಿನಿಂದ ಅಳಿಸಿದವರು ಪಾಯಿಂಟನ್ನು ಬಿಟ್ಟುಕೊಟ್ಟಂತೆ.

ರಾಕೆಟ್, ಗಟ್ಟಿಂಗ್, ಬೂಟು, ಚೆಂಡು: ಏನೇನು ಒಯ್ಯಬೇಕು?

ಬೂಟಿನ ಬಗ್ಗೆ ಜಿಪುಣತನ ಬೇಡ. ಮೀನಿನ ಮುಳ್ಳಿನಂತೆ ಒತ್ತೊತ್ತಾದ ಅಂಕುಡೊಂಕು ಗೆರೆಗಳಿರುವ, ಕ್ಲೇ ಕೋರ್ಟಿಗೆಂದೇ ಮಾಡಿದ ಅಟ್ಟೆಯ ಬೂಟು ಬೇಕು. ಅದನ್ನು ಎರಡು ತಿಂಗಳು ಮೊದಲೇ ಕೊಂಡು ನಮ್ಮ ಮಣ್ಣಿನ ಕೋರ್ಟಿನಲ್ಲಿ ಕಾಲಿಗೆ ಒಗ್ಗಿಸಿಕೊಳ್ಳಿರಿ.

ಗಟ್ಟಿಂಗ್, ಅಂದರೆ ರಾಕೆಟ್ಟಿಗೆ ಹೆಣೆದ ಎಳೆಗಳ ವಿಷಯದಲ್ಲಿ ಬೆಳಗಾವಿಯವರು ಗಮನಿಸಬೇಕಾದ ಒಂದು ಅಂಶವಿದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿ ತೆಳುವಾಗಿದ್ದು ಚೆಂಡು ಸ್ವಲ್ಪ ಹೆಚ್ಚು ಹಾರುತ್ತದೆ, ಅದನ್ನು ಹಿಡಿತದಲ್ಲಿಡಲು ನಾವು ಗಟ್ಟಿಂಗನ್ನು ಬಿಗಿಯಾಗಿ ಹಾಕಿಸಿಕೊಳ್ಳುತ್ತೇವೆ. ಸಮುದ್ರದ ಹತ್ತಿರದ, ನಿಧಾನಗತಿಯ ಕೋರ್ಟಿನಲ್ಲಿ ಅದೇ ಬಿಗಿತ ಇಟ್ಟುಕೊಂಡರೆ ಚೆಂಡು ಬೇಸ್‌ಲೈನ್‌ವರೆಗೂ ಹೋಗದೆ ನಡುವಿನಲ್ಲೇ ಬೀಳುತ್ತದೆ. ಒಂದೆರಡು ಪೌಂಡ್ ಸಡಿಲ ಮಾಡಿಸಿಕೊಂಡರೆ ಸಾಕು. ಇಟ್ಟಿಗೆ ಪುಡಿ ಎಳೆಗಳ ನಡುವೆ ಸೇರಿ ಉಜ್ಜುವುದರಿಂದ ಗಟ್ಟಿಂಗ್ ಬೇಗ ಕಡಿಯುತ್ತದೆ. ಆದ್ದರಿಂದ ಎರಡು ರಾಕೆಟ್, ಜೊತೆಗೆ ಎರಡು ಸೆಟ್ ಎಳೆ ಇರಲಿ. ಚೆಂಡುಗಳನ್ನು ಅಲ್ಲೇ ಕೊಳ್ಳೋಣ. ರಾಕೆಟ್ಟನ್ನು ವಿಮಾನದ ಒಳಗೆ ಒಯ್ಯಲು ಬಿಡುವುದರ ಬಗ್ಗೆ ಎಲ್ಲ ಕಡೆ ಒಂದೇ ನಿಯಮ ಇಲ್ಲದ ಕಾರಣ, ಬಟ್ಟೆಗಳ ನಡುವೆ ಸುತ್ತಿ ಲಗೇಜಿಗೇ ಹಾಕುವುದು ಕ್ಷೇಮ. ಪವರ್ ಬ್ಯಾಂಕ್ ಮಾತ್ರ ಲಗೇಜಿನಲ್ಲಿ ಇಡುವಂತಿಲ್ಲ, ಅದು ಕೈಚೀಲದಲ್ಲೇ ಇರಬೇಕು.

ಮೊಣಕಾಲು ನೋವಿದೆ, ಬಿ.ಪಿ. ಇದೆ. ತಡೆಯಬಹುದೇ?

ವೈದ್ಯರನ್ನು ಕಂಡು, ದಿನಕ್ಕೆ ಮೂರು ನಾಲ್ಕು ಗಂಟೆಯಂತೆ ಒಂದು ವಾರ ಆಡುವುದಿದೆ ಎಂದು ಸ್ಪಷ್ಟವಾಗಿ ಹೇಳಿ ಸಲಹೆ ಪಡೆಯಿರಿ. ಮಾರ್ಚ್ ತಿಂಗಳಿನಿಂದ ವಾರಕ್ಕೆ ಎರಡು ದಿನ ಆಟದ ನಂತರ ಮೀನಖಂಡ, ತೊಡೆಸಂದು ಮತ್ತು ಸೊಂಟದ ವ್ಯಾಯಾಮವನ್ನು ಎಲ್ಲರೂ ಸೇರಿ ಮಾಡಲಿದ್ದೇವೆ, ಏಕೆಂದರೆ ಜಾರುವಾಗ ಭಾರ ಬೀಳುವುದು ಅಲ್ಲಿಯೇ. ಕಳೆದ ಸಲ ಐದನೇ ದಿನ ಒಬ್ಬ ಹಿರಿಯರು ಏನೂ ಹೇಳದೆ ಬೆಂಚಿನ ಮೇಲೆ ಕುಳಿತು ಮೊಣಕಾಲ ಪಟ್ಟಿಯನ್ನು ಬಿಚ್ಚಿ ಕಟ್ಟುತ್ತಿದ್ದರು. ನಮ್ಮಲ್ಲಿ ಎಲ್ಲರಿಗಿಂತ ಕಿರಿಯನಾದವನು ಹತ್ತಿರ ಹೋಗಿ "ಕಾಕಾ, ಖರೇ ಹೇಳ್ರಿ, ನೋಯಾಕತ್ತೇತಿ ಹೌದಲ್ಲೋ?" ಎಂದು ಕೇಳಿದ ಮೇಲೆಯೇ ಎರಡು ದಿನಗಳಿಂದ ನೋವಿದ್ದ ಸಂಗತಿ ಗೊತ್ತಾಯಿತು. ತಮ್ಮಿಂದ ಜೋಡಿ ಕೆಡಬಾರದೆಂದು ಅವರು ಸುಮ್ಮನಿದ್ದರು. ಈ ಸಲ ನಾಲ್ಕನೇ ದಿನವನ್ನು ಎಲ್ಲರಿಗೂ ಅರ್ಧ ದಿನದ ವಿಶ್ರಾಂತಿಯೆಂದು ಮೊದಲೇ ಗೊತ್ತುಮಾಡಿದ್ದೇವೆ. ಅಂದಿನ ಸುತ್ತನ್ನು ಸಂಜೆ ಆಡಬೇಕೋ ಬೇಡವೋ ಎಂಬುದನ್ನು ನೋವಿದ್ದವರೇ ನಿರ್ಧರಿಸಲಿ.

ಔಷಧಿಗಳನ್ನು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲಿ ಇಟ್ಟುಕೊಳ್ಳಿರಿ. ಯುರೋಪಿಯನ್ ಒಕ್ಕೂಟದ ದೇಶಗಳೆಲ್ಲದರಲ್ಲೂ ತುರ್ತು ಕರೆಯ ಸಂಖ್ಯೆ 112.

ವೀಸಾ ಹೇಗೆ? ಕ್ಲಬ್ಬಿನಿಂದ ಎಲ್ಲರದ್ದೂ ಸೇರಿಸಿ ಒಬ್ಬರೇ ಹೋಗಿ ಕೊಡಬಹುದೇ?

ಆಗುವುದಿಲ್ಲ. ಸ್ಪೇನ್ ದೇಶಕ್ಕೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ವೀಸಾ ಬೇಕು. ಪ್ರತಿಯೊಬ್ಬರೂ ತಮ್ಮ ಅರ್ಜಿಯೊಂದಿಗೆ ವೀಸಾ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಡಬೇಕು. ಈ ಮೊದಲು ಷೆಂಗೆನ್ ವೀಸಾಕ್ಕೆ ಬೆರಳಚ್ಚು ಕೊಟ್ಟು 59 ತಿಂಗಳು ಆಗಿರದಿದ್ದರೆ ಸಾಮಾನ್ಯವಾಗಿ ಅದನ್ನೇ ಬಳಸಿಕೊಳ್ಳುತ್ತಾರೆ. ನಾವು ಎಂಟೂ ಜನ ಒಂದೇ ದಿನದ ಸಮಯ ಪಡೆದು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಯೋಚನೆಯಿದೆ.

ಪ್ರವಾಸದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು ಪ್ರವಾಸಕ್ಕೆ 15 ದಿನ ಮೊದಲು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಕೆಲವೊಮ್ಮೆ 45 ದಿನಗಳವರೆಗೂ ಎಳೆಯಬಹುದು. ಬೇಸಿಗೆ ರಜೆಯ ಮುಂಚೆ ಸಮಯ ಸಿಗುವುದೇ ಕಷ್ಟವಾಗುವುದರಿಂದ ಫೆಬ್ರವರಿಯಲ್ಲೇ ಕೊಡೋಣ. ವಯಸ್ಕರ ಶುಲ್ಕ 2024ರ ಜೂನ್‌ನಿಂದ 90 ಯುರೋ ಆಗಿದೆ, ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೂ ಈ ಹಣ ಮರಳಿ ಬರುವುದಿಲ್ಲ.

ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳ ಒಳಗೆ ಪಡೆದದ್ದಾಗಿರಬೇಕು, ಅಲ್ಲಿಂದ ಹೊರಡುವ ದಿನದ ನಂತರವೂ ಕನಿಷ್ಠ ಮೂರು ತಿಂಗಳ ಅವಧಿ ಇರಬೇಕು, ಎರಡು ಪುಟಗಳಾದರೂ ಖಾಲಿ ಇರಬೇಕು. ನಮ್ಮ ಭಾಗದವರು ಇನ್ನೊಂದನ್ನು ನೋಡಿಕೊಳ್ಳಲೇಬೇಕು. ಹೆಸರು, ತಂದೆಯ ಹೆಸರು, ಅಡ್ಡಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಕ್ರಮದಲ್ಲಿರುವುದು ನಮ್ಮಲ್ಲಿ ಬಹಳ ಸಾಮಾನ್ಯ. ಪಾಸ್‌ಪೋರ್ಟ್, ಪ್ಯಾನ್, ಬ್ಯಾಂಕಿನ ದಾಖಲೆ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಈಗಲೇ ನೋಡಿರಿ, ವಿಮಾನದ ಟಿಕೆಟನ್ನು ಪಾಸ್‌ಪೋರ್ಟಿನಲ್ಲಿರುವ ಹೆಸರಿನಂತೆಯೇ ಮಾಡಿಸಿರಿ.

ವಿಮೆ ಕಡ್ಡಾಯವೇ?

ಹೌದು, ಕನಿಷ್ಠ 30,000 ಯುರೋ ಮೊತ್ತದ ವೈದ್ಯಕೀಯ ವಿಮೆ ಇಲ್ಲದೆ ವೀಸಾ ಸಿಗುವುದಿಲ್ಲ. ಆದರೆ ವೀಸಾಕ್ಕೆ ಸಾಕಾಗುವ ವಿಮೆ ಆಟಗಾರನಿಗೂ ಸಾಕಾಗುತ್ತದೆಂದು ತಿಳಿಯಬೇಡಿರಿ. ಆಟವಾಡುವಾಗ ಆದ ಗಾಯಕ್ಕೆ ಮತ್ತು ಮೊದಲಿನಿಂದ ಇರುವ ಕಾಯಿಲೆಗೆ ಪರಿಹಾರವಿದೆಯೇ ಎಂಬ ಎರಡು ಅಂಶಗಳನ್ನು ಪಾಲಿಸಿಯ ಕಾಗದದಲ್ಲೇ ಓದಿ ಖಚಿತಪಡಿಸಿಕೊಳ್ಳಿರಿ.

ಬೆಳಗಾವಿಯಿಂದ ಅಲ್ಲಿಗೆ ತಲುಪುವುದು ಹೇಗೆ?

ಭಾರತದಿಂದ ಮಯೋರ್ಕಾದ ಪಾಲ್ಮಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನವಿಲ್ಲ. ಮುಂಬೈ ಅಥವಾ ಬೆಂಗಳೂರಿನಿಂದ ಹೊರಟು ಯುರೋಪಿನ ಒಂದು ದೊಡ್ಡ ನಿಲ್ದಾಣದಲ್ಲಿ ಬದಲಿಸಬೇಕು. ಷೆಂಗೆನ್ ಪ್ರದೇಶಕ್ಕೆ ಮೊದಲು ಕಾಲಿಡುವ ಆ ನಿಲ್ದಾಣದಲ್ಲೇ ಪ್ರವೇಶದ ತಪಾಸಣೆ ನಡೆಯುತ್ತದೆ. ಬೆರಳಚ್ಚು ಮತ್ತು ಮುಖದ ಚಿತ್ರವನ್ನು ದಾಖಲಿಸುವ ಹೊಸ ವ್ಯವಸ್ಥೆಯನ್ನು 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ತಂದಿರುವುದರಿಂದ, ಎರಡು ವಿಮಾನಗಳ ನಡುವೆ ಕನಿಷ್ಠ ಮೂರು ಗಂಟೆಯ ಅಂತರವಿರುವ ಟಿಕೆಟನ್ನೇ ಆರಿಸುತ್ತೇವೆ. ಇಡೀ ಪ್ರಯಾಣ ಒಂದೇ ಟಿಕೆಟಿನಲ್ಲಿರಬೇಕು. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನದಲ್ಲಿ ಹೋದರೂ, ರಾತ್ರಿ ಬಸ್ಸಿನಲ್ಲಿ ಮುಂಬೈಗೆ ಹೋದರೂ ಒಂದು ದಿನ ಮುಂಚೆಯೇ ಅಲ್ಲಿರೋಣ. ಪಾಲ್ಮಾದಿಂದ ಮನಾಕೋರ್ ಸುಮಾರು 50 ಕಿ.ಮೀ., ರೈಲೂ ಇದೆ. ಮೇ ತಿಂಗಳಲ್ಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದಿರುತ್ತದೆ, ಹಾಗಾಗಿ ಮೊದಲ ಎರಡು ದಿನ ನಸುಕಿನ ಮೂರು ಗಂಟೆಗೇ ಎಚ್ಚರವಾದರೆ ಗಾಬರಿಯಾಗಬೇಡಿರಿ.

ನಾವು ಶಾಕಾಹಾರಿಗಳು. ಊಟಕ್ಕೆ ಏನು ಮಾಡುವುದು?

ಹಸಿವಿನಿಂದ ಇರಬೇಕಾಗಿಲ್ಲ, ಆದರೆ ಕೇಳಿ ತಿನ್ನಬೇಕು. ಆ ದ್ವೀಪದ ತುಂಬೆಟ್ ಎಂಬ ಪದಾರ್ಥವನ್ನು ಬದನೆಕಾಯಿ, ಬಟಾಟಿ, ಕೆಂಪು ದೊಣ್ಣೆಮೆಣಸಿನಕಾಯಿಗಳನ್ನು ಎಣ್ಣೆಯಲ್ಲಿ ಕರಿದು, ಮೇಲೆ ಟೊಮೆಟೊ ಗೊಜ್ಜು ಹಾಕಿ ಮಾಡುತ್ತಾರೆ. ಬದನೆಕಾಯಿ ಎಣಗಾಯಿ ತಿಂದು ಬೆಳೆದ ನಮಗೆ ಅದು ಹೊಸದೆನಿಸಲೇ ಇಲ್ಲ, ಖಾರವೊಂದೇ ಕಡಿಮೆ. ಬ್ರೆಡ್ಡಿನ ಮೇಲೆ ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಸುರಿದು ಕೊಡುವ ಪಾಂಬೋಲಿ ಕೂಡ ಒಳ್ಳೆಯದು, ಅದರ ಮೇಲೆ ಮಾಂಸ ಇಡಬೇಡಿರೆಂದು ಹೇಳಬೇಕು. ಮೋಸ ಹೋಗುವ ಜಾಗಗಳು ಬೇರೆ ಇವೆ. ಸುರುಳಿಯಾಕಾರದ ಎನ್ಸೈಮಾಡಾ ಎಂಬ ಸಿಹಿ ಬ್ರೆಡ್ಡು ನೋಡಲು ಬೇಕರಿಯ ತಿಂಡಿಯಂತೆಯೇ ಇರುತ್ತದೆ. ಅಲ್ಲಿನ ಭಾಷೆಯಲ್ಲಿ ಸೈಮ್ ಎಂದರೆ ಹಂದಿಯ ಕೊಬ್ಬು, ಆ ತಿಂಡಿಗೆ ಹೆಸರು ಬಂದದ್ದೇ ಅದರಿಂದ. ಮಿಶ್ರ ಸಲಾಡ್ ಎಂದು ತರಿಸಿದರೆ ಸಾಮಾನ್ಯವಾಗಿ ಟ್ಯೂನಾ ಮೀನು ಇರುತ್ತದೆ. ಅಲ್ಲಿನ ಟೋರ್ಟಿಯಾ ಎಂದರೆ ಬಟಾಟಿ ಹಾಕಿದ ಆಮ್ಲೆಟ್, ಅದರಲ್ಲಿ ಮೊಟ್ಟೆಯಿರುತ್ತದೆ. ರಾತ್ರಿಯ ಊಟ ಎಂಟೂವರೆಯ ಮೊದಲು ಹೆಚ್ಚಿನ ಕಡೆ ಸಿಗುವುದಿಲ್ಲ.

ಮನೆಯಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ತರಬಹುದು. ಕುಂದಾ ತರುವಂತಿಲ್ಲ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನ ದೇಶಗಳಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಒಯ್ಯುವುದಕ್ಕೆ ನಿಷೇಧವಿದೆ, ಕುಂದಾ ಪೂರ್ತಿ ಹಾಲಿನದೇ. ಕೋಚ್‌ಗಳಿಗೆ ಬೆಳಗಾವಿಯ ಸಿಹಿ ಕೊಡಬೇಕೆಂಬ ಆಸೆ ನನಗೂ ಇತ್ತು. ಕರದಂಟಿಗೂ ತುಪ್ಪ ಹಾಕುವುದರಿಂದ ಅದನ್ನೂ ಬಿಡುವುದೇ ಲೇಸು.

ಹಣದ ಲೆಕ್ಕ ಹೇಗಿರುತ್ತದೆ? ಕೊನೆಗಳಿಗೆಯಲ್ಲಿ ಬರಲಾಗದಿದ್ದರೆ?

ಇದನ್ನು ಸ್ಪಷ್ಟವಾಗಿ ಹೇಳಲೇಬೇಕು, ಏಕೆಂದರೆ ಕಳೆದ ಸಲ ನಾವು ನೊಂದದ್ದು ಇದರಲ್ಲೇ. ಒಂದು ಪ್ರವಾಸ ಸಂಸ್ಥೆಗೆ ಮುಂಗಡ ಕೊಟ್ಟಾಗ "ಕೋರ್ಟು ದಿನಾಲೂ ನಾಲ್ಕು ಗಂಟೆ" ಎಂದು ಬಾಯಿಮಾತಿನಲ್ಲಿ ಒಪ್ಪಿಕೊಂಡಿದ್ದರು. ಅಲ್ಲಿ ಹೋಗಿ ನೋಡಿದರೆ ಎರಡೇ ಗಂಟೆ ಬುಕ್ ಆಗಿತ್ತು, ಉಳಿದದ್ದಕ್ಕೆ ನಾವೇ ಕೈಯಿಂದ ಕೊಟ್ಟೆವು. ಈ ಸಲ ಎಷ್ಟು ಕೋರ್ಟು, ಎಷ್ಟು ಗಂಟೆ, ಯಾವ ನೆಲ, ಕೋಚ್ ಎಷ್ಟು ಜನ, ಮಳೆ ಬಂದರೆ ಹಣ ಮರಳುವುದೇ, ಇಷ್ಟನ್ನೂ ಬರಹದಲ್ಲಿ ಪಡೆದ ಮೇಲೆಯೇ ಮುಂಗಡ.

ಲೆಕ್ಕವನ್ನು ಒಬ್ಬರೇ ಇಡುತ್ತಾರೆ, ಪ್ರತಿದಿನ ರಾತ್ರಿ ಎಲ್ಲರಿಗೂ ತೋರಿಸುತ್ತಾರೆ. ಮದ್ಯ ತೆಗೆದುಕೊಳ್ಳುವವರು ಅದರ ಬಿಲ್ಲನ್ನು ತಾವೇ ಬೇರೆ ಕೊಡುತ್ತಾರೆ. ಹೊರಡುವ ಮೊದಲು ಯಾರಾದರೂ ಹಿಂದೆ ಸರಿದರೆ, ಮರಳಿ ಬಾರದ ಹಣವನ್ನು ಅವರೇ ಭರಿಸಬೇಕು. ಆದರೆ ಕಾಯಿಲೆ ಅಥವಾ ಮನೆಯಲ್ಲಿ ಸಾವುನೋವಿನ ಕಾರಣವಾದರೆ ಅದನ್ನು ಉಳಿದ ಏಳೂ ಜನ ಹಂಚಿಕೊಳ್ಳುವುದೆಂದು ತೀರ್ಮಾನವಾಗಿದೆ. ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಸಂಸ್ಥೆಯವರು ಟಿ.ಸಿ.ಎಸ್., ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ವಸೂಲಿ ಮಾಡುತ್ತಾರೆ. ಅದು ಕಳೆದುಹೋಗುವ ಹಣವಲ್ಲ, ನಿಮ್ಮ ಪ್ಯಾನ್ ಸಂಖ್ಯೆಯಲ್ಲಿ ಜಮೆಯಾಗಿ ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದೆ. ಆದ್ದರಿಂದ ಬಿಲ್ಲು ಎಂಟು ಜನರ ಹೆಸರಿನಲ್ಲಿ ಬೇರೆ ಬೇರೆಯಾಗಿಯೇ ಆಗಬೇಕು.

ಆಡದವರು, ಮನೆಯವರು ಬಂದರೆ ಅವರಿಗೆ ಏನಿದೆ?

ಪೋರ್ಟೊ ಕ್ರಿಸ್ಟೊದ ಡ್ರಾಕ್ ಗುಹೆಗಳು ಮತ್ತು ಅವುಗಳ ಒಳಗಿನ ಸರೋವರ, ಪಾಲ್ಮಾದ ಹಳೆಯ ಪೇಟೆ, ಸಮುದ್ರಕ್ಕೆ ಮುಖಮಾಡಿ ನಿಂತ ಅಲ್ಲಿನ ದೊಡ್ಡ ಚರ್ಚು, 2011ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಟ್ರಮುಂಟಾನಾ ಬೆಟ್ಟಸಾಲು. ನಮ್ಮ ಆಟದ ವೇಳೆಗೆ ಅವರನ್ನು ಕಟ್ಟಿಹಾಕದೆ, ಅವರದೇ ಪ್ರತ್ಯೇಕ ವಾಹನ ಮತ್ತು ಕಾರ್ಯಕ್ರಮ ಇರಬೇಕು.

ನಮ್ಮ ಮಾರ್ಕರ್ ಅವರನ್ನೂ ಕರೆದುಕೊಂಡು ಹೋಗಬಹುದೇ?

ಕರೆದೊಯ್ಯಬೇಕೆಂದೇ ನಮ್ಮ ಇಚ್ಛೆ. ಇಪ್ಪತ್ತು ವರ್ಷಗಳಿಂದ ನಮ್ಮ ಕೋರ್ಟಿಗೆ ನೀರು ಹಾಕಿ, ರೋಲರ್ ಎಳೆದು, ನಮ್ಮೆಲ್ಲರ ಬ್ಯಾಕ್‌ಹ್ಯಾಂಡ್ ತಿದ್ದಿದವರು ಅವರು. ಅಲ್ಲಿನ ಕೋರ್ಟಿನ ಪದರುಗಳನ್ನು, ನೀರು ಹಾಕುವ ಕ್ರಮವನ್ನು ಕಣ್ಣಾರೆ ಕಂಡರೆ ನಮಗಿಂತ ಹೆಚ್ಚು ಅರ್ಥವಾಗುವುದು ಅವರಿಗೇ. ಅವರು ಆಟಗಾರರ ಎಂಟರ ಪಟ್ಟಿಯ ಹೊರಗೆ, ಒಂಬತ್ತನೆಯವರಾಗಿ ಬರುತ್ತಾರೆ. ಯಾರಾದರೂ ಗಾಯಗೊಂಡರೆ ಆ ಜಾಗದಲ್ಲಿ ಆಡುತ್ತಾರೆ. ಅವರ ಖರ್ಚನ್ನು ಎಂಟು ಪಾಲು ಮಾಡಿ ಪ್ರತಿಯೊಬ್ಬರ ಮೊತ್ತಕ್ಕೆ ಸೇರಿಸಲಾಗಿದೆ. ವೀಸಾ ಅರ್ಜಿಯಲ್ಲಿ ಅವರ ವೆಚ್ಚವನ್ನು ನಾವು ಭರಿಸುತ್ತಿರುವುದನ್ನು ದಾಖಲೆ ಸಮೇತ ತೋರಿಸಬೇಕಾಗುತ್ತದೆ, ಅವರು ಕ್ಲಬ್ಬಿನ ನೌಕರರೆಂಬ ಪತ್ರವನ್ನೂ ಲಗತ್ತಿಸಬೇಕು. ಪಾಸ್‌ಪೋರ್ಟಿಗೆ ಕಳೆದ ವಾರವೇ ಅರ್ಜಿ ಹಾಕಿಸಿದ್ದೇವೆ. ಪೊಲೀಸ್ ಪರಿಶೀಲನೆ ಇನ್ನೂ ಬಾಕಿ ಇದೆ.